ಕೊನೆಯ ನೀರು ಕುಡಿದವನು

ಅಕ್ಕನ ಮಕ್ಕಳು ಅವನಿಗೆ ಇಟ್ಟ ಹೆಸರು ಛೀಮಾವ. ಹೆಸರಿಡುವಾಗ ಮಕ್ಕಳು ದಾಕ್ಷಿಣ್ಯ ನೋಡುವುದಿಲ್ಲ. ಮಾವ ಬಂದು ಕುರ್ಚಿಯಲ್ಲಿ ಕೂತ ಮೇಲೆ ಎಷ್ಟು ಸಲ ‘ಛೀ’ ಅನ್ನುತ್ತಾನೆಂದು ಅವು ಬೆರಳು ಮಡಚಿ ಎಣಿಸುತ್ತಿದ್ದವು. ಬಾಚಣಿಗೆಯಲ್ಲಿ ಕೂದಲು ಸಿಕ್ಕಿಕೊಂಡಿದೆ, ಛೀ. ಟವೆಲ್ಲು ಒದ್ದೆಯಾಗೇ ಬಿದ್ದಿದೆ, ಛೀ. ಚಿಕ್ಕವನು ಮೂಗಿನೊಳಗೆ ಬೆರಳಿಟ್ಟ, ಛೀ. ಬೆರಳು ಹೊರಗೆ ತೆಗೆದ, ಅದಕ್ಕೂ ಒಂದು ಛೀ. ಎರಡು ಕೈಯ ಬೆರಳು ಮುಗಿದ ಮೇಲೆ ಮಕ್ಕಳು ಕಾಲಿನ ಬೆರಳಿಗೆ ಇಳಿಯುತ್ತಿದ್ದವು. ಕಾಲು ಮುಟ್ಟಿದ್ದಕ್ಕೆ ಮಾವ ಮತ್ತೆ ಛೀ ಅನ್ನುತ್ತಿದ್ದ.

“ಇವನು ಹುಟ್ಟಿದ ದಿನ ಸೂಲಗಿತ್ತಿ ಕೈ ತೊಳೆದಿರಲಿಲ್ಲ ಅಂತ ಕಾಣುತ್ತೆ. ಆ ಸಿಟ್ಟು ಇನ್ನೂ ಇಳಿದಿಲ್ಲ,” ಅಂತ ಅಕ್ಕ ನಗುತ್ತಿದ್ದಳು.

ಮದುವೆಯ ಮಾತು ಒಂದೇ ಒಂದು ಸಲ ನಡೆದಿತ್ತು. ಹುಡುಗಿಯ ಮನೆಯಲ್ಲಿ ಕೊಟ್ಟ ಕಾಫಿ ಲೋಟದ ತಳದಲ್ಲಿ ಹಳೆಯ ಕಾಫಿಯ ಕಂದು ಬಳೆ ಇತ್ತಂತೆ. ಛೀಮಾವ ಅದನ್ನು ನೋಡಿದ, ಹುಡುಗಿಯ ಮುಖ ನೋಡಿದ, ಮತ್ತೆ ಲೋಟ ನೋಡಿದ. ಹುಡುಗಿಯೂ ಅವನು ನೋಡಿದ್ದನ್ನು ನೋಡಿದಳು. ಅಲ್ಲಿಗೆ ಮಾತು ಮುಗಿಯಿತು. ಆಮೇಲೆ ಅವನು ಒಂದು ಕೋಣೆ, ಒಂದು ತಟ್ಟೆ, ಒಂದು ಲೋಟ ಇಟ್ಟುಕೊಂಡು ಒಬ್ಬನೇ ಉಳಿದ. ಕೋಣೆಯ ನೆಲ ಎಷ್ಟು ಹೊಳೆಯುತ್ತಿತ್ತೆಂದರೆ ಹಲ್ಲಿಗಳು ಕೂಡ ಅಲ್ಲಿ ಸಂಸಾರ ಹೂಡಲು ಹೆದರುತ್ತಿದ್ದವು.

ಇಂಥವನಿಗೆ ಸಿಕ್ಕ ಕೆಲಸವಾದರೂ ಎಂಥದ್ದು ನೋಡಿ. ಅಕ್ಕನ ಗಂಡ, ಅಂದರೆ ಭಾವ, ಹಳೆಯ ಯಂತ್ರಗಳ ವ್ಯಾಪಾರಿ. ಎಲ್ಲೋ ಒಂದು ಔಷಧಿ ಕಾರ್ಖಾನೆಯೋ ಸೌಂದರ್ಯದ ಸಾಮಾನಿನ ಕಾರ್ಖಾನೆಯೋ ಬಾಗಿಲು ಹಾಕಿತು ಅಂದರೆ ಸಾಕು, ಮೂರನೇ ದಿನ ಭಾವನ ಲಾರಿ ಅಲ್ಲಿ ನಿಂತಿರುತ್ತಿತ್ತು. ಮಾತ್ರೆಗಳನ್ನು ಹಾಳೆಯಲ್ಲಿ ಒತ್ತಿ ಕೂರಿಸುವ ಯಂತ್ರ, ಬಾಟಲಿಗೆ ಸಿರಪ್ ತುಂಬುವ ಯಂತ್ರ, ಟ್ಯೂಬಿಗೆ ಮುಲಾಮು ತುಂಬಿ ಬಾಲ ಮಡಚುವ ಯಂತ್ರ, ಎಲ್ಲವನ್ನೂ ತಂದು ತಗಡಿನ ಶೆಡ್ಡಿನಲ್ಲಿ ನಿಲ್ಲಿಸಿ, ತೊಳೆಸಿ, ಬಣ್ಣ ಬಳಿದು ಇನ್ನೊಬ್ಬರಿಗೆ ಮಾರುವುದು. ಹೊರಗಿನ ರಟ್ಟಿನ ಪೆಟ್ಟಿಗೆ ಕಟ್ಟುವ ಯಂತ್ರದಲ್ಲಿ ಜಿರಳೆ ಸತ್ತಿದ್ದರೂ ನಡೆದೀತು. ಈ ಯಂತ್ರಗಳು ಹಾಗಲ್ಲ, ಇವು ಮದ್ದಿಗೇ ತಾಗುವಂಥವು. ಮದ್ದು ಇವುಗಳ ಹೊಟ್ಟೆಯಿಂದ ಹೊರಟರೆ ಮುಂದೆ ಸೇರುವುದು ಜನರ ಹೊಟ್ಟೆಯನ್ನೇ.

ತೊಳೆಯುವ ಕೆಲಸಕ್ಕೆ ಭಾವ ಮೊದಮೊದಲು ಹೇಸಿಗೆ ಇಲ್ಲದವರನ್ನೇ ಹುಡುಕಿ ಇಟ್ಟುಕೊಂಡಿದ್ದ. ಅವರು ಯಂತ್ರದೊಳಗೆ ಮೊಳಕೈವರೆಗೂ ಕೈ ಹಾಕಿ, ಅದೇ ಕೈ ಪ್ಯಾಂಟಿಗೆ ಒರೆಸಿಕೊಂಡು ಬಿಸ್ಕತ್ತು ತಿನ್ನುವಂಥ ಗಂಡಾಳುಗಳು. ಅವರು ತೊಳೆದ ಯಂತ್ರಗಳು ಸಾಲಾಗಿ ವಾಪಸು ಬಂದವು. ಆಗ ಅಕ್ಕ ಹೇಳಿದಳು, “ನನ್ನ ತಮ್ಮನನ್ನ ಕರೀರಿ. ಹೇಸಿಗೆ ಇಲ್ಲದವನು ಕಣ್ಣಿಗೆ ಕಾಣೋದನ್ನ ತೊಳೀತಾನೆ. ಇವನು ಕಾಣದೇ ಇರೋದನ್ನೂ ಬಿಡಲ್ಲ.” ಅಕ್ಕನ ಮಾತು ಸುಳ್ಳಾಗಲಿಲ್ಲ. ಛೀಮಾವ ಮೂಗಿಗೆ ಬಟ್ಟೆ ಕಟ್ಟಿಕೊಂಡು, ಮೊಳಕೈ ಮೇಲಿನವರೆಗೆ ರಬ್ಬರ್ ಗವಸು ಎಳೆದುಕೊಂಡು, ಬಾಯಿತುಂಬ ಶಾಪ ಹಾಕುತ್ತ ಇಪ್ಪತ್ತೆರಡು ವರ್ಷ ತೊಳೆದ.

ಅವನು ಅಲ್ಲಿ ಕಂಡದ್ದನ್ನೆಲ್ಲ ಹೇಳಿದರೆ ಓದುವವರ ಊಟ ಕೆಡುತ್ತದೆ. ಸ್ವಲ್ಪ ಮಾತ್ರ ಹೇಳಬಹುದು. ಕೆಮ್ಮಿನ ಸಿರಪ್ ತುಂಬುತ್ತಿದ್ದ ಯಂತ್ರದ ಕೊಳವೆಯಲ್ಲಿ ಸಿರಪ್ ಕಪ್ಪು ಕಲ್ಲಾಗಿ ಕೂತಿತ್ತು, ಕಲ್ಲಿನೊಳಗೆ ಇರುವೆಗಳು ಸಾಲುಗಟ್ಟಿ ನಿಂತ ಹಾಗೇ ಸತ್ತಿದ್ದವು. ಮಾತ್ರೆ ಹಾಳೆಯ ಯಂತ್ರವೊಂದರ ಅಡಿಯಲ್ಲಿ ಇಲಿಯೊಂದು ಬೆಳ್ಳಿ ಬಣ್ಣದ ಹಾಳೆಯನ್ನೇ ಹರಿದು ಬಾಣಂತಿ ಕೋಣೆ ಮಾಡಿಕೊಂಡಿತ್ತು, ಬರಿಮೈಯ ಕೆಂಪು ಮರಿಗಳು ಕಣ್ಣೂ ತೆರೆಯದೆ ಹೊರಳಾಡುತ್ತಿದ್ದವು. ಮುಖಕ್ಕೆ ಹಚ್ಚುವ ಕ್ರೀಮಿನ ಯಂತ್ರದೊಳಗೆ ಹಳದಿಯಾಗಿ ಕಮಟು ಹಿಡಿದ ಎಣ್ಣೆ, ಅದರಲ್ಲಿ ಯಾರದೋ ಉಗುರಿನ ಚೂರು. ತುಟಿಯ ಬಣ್ಣದ ಯಂತ್ರ ತೊಳೆದ ಮೇಲಂತೂ ಅವನು ಒಂದು ವರ್ಷ ಯಾವ ಹೆಂಗಸಿನ ತುಟಿಯನ್ನೂ ನೆಟ್ಟಗೆ ನೋಡಲಿಲ್ಲ. ಮೇಲೆ ಥಳುಕು ಒಳಗೆ ಹುಳುಕು ಅಂತ ಜನ ಮನುಷ್ಯರನ್ನು ಅನ್ನುತ್ತಾರೆ. ಅವನಿಗೆ ಅದು ಯಂತ್ರಗಳ ಮಾತು, ಮನುಷ್ಯರ ಸರದಿ ಆಮೇಲೆ.

ಇನ್ನು ಕೊನೆಯ ನೀರಿನ ವಿಷಯ. ಯಂತ್ರಕ್ಕೆ ವಾಷಿಂಗ್ ಸೋಡಾ ಹಾಕಿದ ನೀರು, ಬಿಸಿ ನೀರು, ತಣ್ಣೀರು ಅಂತ ಸರದಿಯ ಮೇಲೆ ಹಾಕಿ ಓಡಿಸುತ್ತಾರೆ. ಕಟ್ಟಕಡೆಗೆ ಹಾಯುವ ನೀರು ತಿಳಿಯಾಗಿ ಹೊರಬಂದರೆ ಯಂತ್ರ ಶುದ್ಧ ಅಂತ ಲೆಕ್ಕ. ಛೀಮಾವ ಸೇರಿದ ಎರಡನೇ ವರ್ಷ ಒಬ್ಬ ಗಿರಾಕಿ, “ತೊಳೆದಿದ್ದಾರೋ ನೀರು ತೋರಿಸಿದ್ದಾರೋ ಯಾರಿಗೆ ಗೊತ್ತು,” ಅಂತ ಮೂಗು ಮುರಿದ. ನಾಲ್ಕು ದಿನ ಕೂತು ಉಜ್ಜಿದ ಛೀಮಾವನಿಗೆ ಪಿತ್ತ ನೆತ್ತಿಗೇರಿತು. ನಳಿಕೆಯ ಕೆಳಗೆ ಸ್ಟೀಲ್ ಲೋಟ ಹಿಡಿದ, ತುಂಬಿದ, ಗಟಗಟ ಕುಡಿದ, ಲೋಟ ಬೋರಲು ಹಾಕಿದ. ಗಿರಾಕಿ ತಣ್ಣಗಾದ. ಅದಕ್ಕಿಂತ ಮುಖ್ಯವಾಗಿ, ಹಿಂದೆ ನಿಂತಿದ್ದ ಭಾವನ ಕಣ್ಣು ಅರಳಿತು.

ಅಲ್ಲಿಂದ ಅದು ಅಂಗಡಿಯ ಪದ್ಧತಿಯಾಯಿತು. ಗಿರಾಕಿ ಬಂದರೆ ಭಾವ ಒಂದು ಸಣ್ಣ ಭಾಷಣ ಮಾಡುತ್ತಿದ್ದ. “ನಮ್ಮ ಮೇಸ್ತ್ರಿ ನನ್ನ ಹೆಂಡತಿಯ ಒಡಹುಟ್ಟಿದ ತಮ್ಮ. ಆದರೂ ನಮ್ಮ ಮನೇಲಿ ಕಾಫಿ ಕುಡಿಯಲ್ಲ, ಲೋಟ ಸರಿಯಿಲ್ಲ ಅಂತಾನೆ. ಅಂಥವನು ನಿಮ್ಮ ಯಂತ್ರದ ನೀರು ಕುಡೀತಾನೆ. ಇನ್ನೇನು ಬೇಕು ನಿಮಗೆ?” ಛೀಮಾವ ಲೋಟ ಎತ್ತುತ್ತಿದ್ದ. ಮೂಸುತ್ತಿದ್ದ. ಕುಡಿಯುತ್ತಿದ್ದ. ಕೈ ಕೆಸರಾದರೆ ಬಾಯಿ ಮೊಸರು ಅನ್ನುತ್ತಾರೆ. ಇವನ ಪಾಲಿಗೆ ಬಾಯಿಗೂ ಅದೇ ಕೆಸರಿನ ನೀರು. ಆದರೆ ಅವನಿಗೆ ಅದರಲ್ಲಿ ಹೆಮ್ಮೆಯಿತ್ತು, ಮುಚ್ಚುಮರೆ ಯಾಕೆ. ಲೋಕದಲ್ಲಿ ಬೇರೆ ಯಾರ ಮಾತನ್ನೂ ನಂಬದ ಜನ ತನ್ನ ಒಂದು ಗುಟುಕನ್ನು ನಂಬುತ್ತಾರೆ ಎಂಬ ಹೆಮ್ಮೆ. ಮೂಗು ಬೇಡ ಅಂದ ದಿನ ಅವನು ಕುಡಿಯುತ್ತಿರಲಿಲ್ಲ. ಎಷ್ಟೋ ಸಲ ಲೋಟ ಚೆಲ್ಲಿ, “ನಾಳೆ ಬನ್ನಿ,” ಅಂದು ಮತ್ತೆ ತೊಳೆಯಲು ಕೂತದ್ದೂ ಉಂಟು.

ಆ ವ್ಯಾಪಾರದಲ್ಲಿ ಇನ್ನೊಂದು ಪದ್ಧತಿಯೂ ಇತ್ತು. ಟ್ಯೂಬ್ ತುಂಬುವ ಯಂತ್ರದಲ್ಲಿ ಅಳತೆಯ ಪಿಸ್ಟನ್ ಇರುವ ಒಂದು ಕಬ್ಬಿಣದ ಗಡ್ಡೆ ಇರುತ್ತದೆ. ಅದನ್ನು ಮಾಡಿದ ಕಂಪನಿಯವರೇ ಬಿಗಿದು, ಬೋಲ್ಟುಗಳ ತಲೆಯ ಮೇಲೆ ಅಡ್ಡಲಾಗಿ ಒಂದು ಕೆಂಪು ಬಣ್ಣದ ಗೆರೆ ಎಳೆದಿರುತ್ತಾರೆ. ಬೋಲ್ಟು ತಿರುಗಿಸಿದರೆ ಗೆರೆ ಮುರಿಯುತ್ತದೆ. ಗೆರೆ ಮುರಿಯದ ಯಂತ್ರ ಅಂದರೆ ಯಾರೂ ಕೈಯಾಡಿಸದ, ಅಳತೆ ಕೆಡದ ಯಂತ್ರ ಅಂತ ಅರ್ಥ. ಗಿರಾಕಿಗಳು ಟಾರ್ಚು ಹಿಡಿದು ಮೊದಲು ನೋಡುತ್ತಿದ್ದದ್ದು ಅದನ್ನೇ. ಹೀಗಾಗಿ ಅದನ್ನು ತೊಳೆಯುವವರು ಬಿಚ್ಚುತ್ತಿರಲಿಲ್ಲ, ನೀರು ಹಾಯಿಸಿ ಓಡಿಸುತ್ತಿದ್ದರು ಅಷ್ಟೆ. ಯಾರೂ ಮುಟ್ಟಿಲ್ಲ ಅಂದರೆ ಯಾರೂ ತೊಳೆದೂ ಇಲ್ಲ ಎಂಬುದು ಆ ಇಪ್ಪತ್ತೆರಡು ವರ್ಷದಲ್ಲಿ ಒಬ್ಬರ ತಲೆಗೂ ಹೊಳೆಯಲಿಲ್ಲ. ಬುದ್ಧಿವಂತ ಛೀಮಾವನ ತಲೆಗೂ ಹೊಳೆಯಲಿಲ್ಲ.

ಹೀಗಿರುವಾಗ ಶೆಡ್ಡಿಗೆ ಒಂದು ಟ್ಯೂಬ್ ಯಂತ್ರ ಬಂತು. ಹೆಸರಿನ ತಗಡು ಕಿತ್ತಿತ್ತು. “ಕೈಗೆ ಹಚ್ಚೋ ಕ್ರೀಮು ತುಂಬ್ತಿದ್ರು,” ಅಂದ ಭಾವ. ಇದ್ದದ್ದೂ ಹಾಗೇ. ಮೇಲಿನ ತೊಟ್ಟಿಯಲ್ಲಿ ಒಣಗಿದ ಕ್ರೀಮು, ಸುಗಂಧ ಸತ್ತು ಹುಳಿ ಉಳಿದ ವಾಸನೆ. ಛೀಮಾವನಿಗೆ ಇದು ಪರಿಚಯದ ವಾಸನೆ, ಛೀ ಅಂದು ಮೂಗಿಗೆ ಬಟ್ಟೆ ಕಟ್ಟಿಕೊಂಡ. ಐದು ದಿನ ಉಜ್ಜಿದ. ಕೆಂಪು ಗೆರೆ ನೆಟ್ಟಗಿತ್ತು, ಅದರ ಧೂಳು ಒರೆಸಿ ಬಿಟ್ಟ.

ಕೊಳ್ಳಲು ಬಂದವಳು ಒಬ್ಬ ಹೆಂಗಸು. ಒಂದು ಸಣ್ಣ ಕಾರ್ಖಾನೆ ಹೊಸದಾಗಿ ತೆರೆಯುತ್ತಿದ್ದಳು. ಹಲ್ಲು ಬರುವ ಕೂಸುಗಳು ಅಳುತ್ತವಲ್ಲ, ಅವುಗಳ ವಸಡಿಗೆ ಹಚ್ಚುವ ಜೆಲ್ ಮಾಡುವವಳು.

“ಮೇಸ್ತ್ರಿಗಳೇ, ಇದು ಎಳೆ ಮಕ್ಕಳ ಬಾಯಿಗೆ ಹೋಗೋದು. ನನಗೆ ಯಂತ್ರ ಗೊತ್ತಾಗಲ್ಲ, ಪರೀಕ್ಷೆ ಮಾಡಿಸೋಕೆ ಪುರುಸೊತ್ತೂ ಇಲ್ಲ. ನೀವು ಕುಡೀತೀರಂತೆ. ನಿಮ್ಮನ್ನ ನಂಬಿ ತಗೊಂಡು ಹೋಗ್ತೀನಿ,” ಅಂದಳು.

“ಕುಡೀತೀನಿ ಮೇಡಂ. ಸರಿಯಿಲ್ಲ ಅಂದ್ರೆ ಕುಡಿಯಲ್ಲ,” ಅಂದ ಛೀಮಾವ.

ಲೋಟ ಹಿಡಿದ. ನೀರು ತಿಳಿಯಾಗಿ ಬಂತು. ಬಾಯಿಯ ಹತ್ತಿರ ತಂದಾಗ ಮೂಗಿಗೆ ಏನೋ ತಾಕಿತು. ಬೆಳ್ಳುಳ್ಳಿ. ತೆಳ್ಳಗೆ, ಇದೆಯೋ ಇಲ್ಲವೋ ಅನ್ನುವಷ್ಟು. ಅವತ್ತು ಅವನೇ ತೊಳೆದು ಕೊಟ್ಟ ಡಬ್ಬಿಯಲ್ಲಿ ಅಕ್ಕ ಕಳಿಸಿದ್ದ ಊಟದಲ್ಲಿ ಬೆಳ್ಳುಳ್ಳಿ ಹಾಕಿದ್ದ ಪಲ್ಯ ಇತ್ತು, ತಿಂದು ಅರ್ಧ ಗಂಟೆಯೂ ಆಗಿರಲಿಲ್ಲ. ನನ್ನ ಬಾಯಿಯದೇ ವಾಸನೆ ಅಂದುಕೊಂಡ. ಬೇರೆ ದಿನವಾಗಿದ್ದರೆ ಬಾಯಿ ಮುಕ್ಕಳಿಸಿ ಬಂದು ಇನ್ನೊಂದು ಸಲ ಮೂಸುತ್ತಿದ್ದ. ಅವತ್ತು ಭಾವ ಪಕ್ಕದಲ್ಲೇ ನಿಂತಿದ್ದ, ಮೇಡಂ ಫೋಟೋ ತೆಗೆಯಲು ಮೊಬೈಲ್ ಎತ್ತಿ ಹಿಡಿದಿದ್ದಳು, ಗೇಟಿನ ಹೊರಗೆ ಲಾರಿ ಹಾರ್ನ್ ಹೊಡೆಯುತ್ತಿತ್ತು. ಕ್ಯಾಮೆರಾದ ಮುಂದೆ ಅನುಮಾನದ ಮುಖ ಮಾಡಿಕೊಂಡು ನಿಲ್ಲಲು ಅವನಿಗೆ ನಾಚಿಕೆಯಾಯಿತು. ಕುಡಿದ. ಲೋಟ ಬೋರಲು ಹಾಕಿದ.

ಮೂರು ವಾರ ಕಳೆದ ಮೇಲೆ ಮೇಡಂ ಫೋನ್ ಮಾಡಿದಳು. ಯಂತ್ರದ ಹೊಟ್ಟೆಯಿಂದ ಜೆಲ್ ಜಿನುಗುತ್ತಿದೆ, ಸಂಜೆ ಮೊದಲ ಲೋಡು ಹೊರಡಬೇಕು, ಬೇಗ ಬಂದು ಸರಿಮಾಡಿ ಕೊಡಿ ಅಂತ. ಛೀಮಾವ ಸ್ಪ್ಯಾನರ್ ಚೀಲ ಹೆಗಲಿಗೇರಿಸಿ, ಬಸ್ಸಿನ ಕಂಬಿ ಮುಟ್ಟದೆ ಮುಕ್ಕಾಲು ಗಂಟೆ ನಿಂತುಕೊಂಡೇ ಹೋದ. ಎರಡು ಸಲ ಬೀಳುವುದರಲ್ಲಿದ್ದ, ಆದರೂ ಕಂಬಿ ಹಿಡಿಯಲಿಲ್ಲ.

ಕಾರ್ಖಾನೆ ಅಂದರೆ ಒಂದು ಬೇಕರಿಯ ಹಿಂದಿನ ಎರಡು ಕೋಣೆ. ಅವನೂ ಒಪ್ಪಬೇಕಾದಷ್ಟು ಶುಚಿಯಾಗಿತ್ತು. ಒಂಬತ್ತು ಜನ ಹೆಂಗಸರು ತಲೆಗೆ ಬಿಳಿ ಟೋಪಿ ಹಾಕಿಕೊಂಡು ಸಾಲಾಗಿ ಕೂತಿದ್ದರು. ಗೋಡೆಯ ಪಕ್ಕ ಕಟ್ಟಿಟ್ಟ ಪೆಟ್ಟಿಗೆಗಳು ಎದೆಯೆತ್ತರ ಇದ್ದವು. ಅವುಗಳ ಮೇಲೆ, ಗೋಡೆಯಲ್ಲಿ, ಚೌಕಟ್ಟಿನೊಳಗೆ ಅವನದೇ ಫೋಟೋ. ಲೋಟ ಎತ್ತಿ ಕುಡಿಯುತ್ತಿದ್ದಾನೆ, ಗಂಟಲಿನ ಗಂಟು ಮೇಲೇರಿದೆ. ಹೆಂಗಸರು ಫೋಟೋ ನೋಡಿ ಅವನನ್ನು ನೋಡಿ ಒಬ್ಬರನ್ನೊಬ್ಬರು ತಿವಿದುಕೊಂಡರು.

“ಇವರೇ ಕಣ್ರೇ, ಕುಡಿದವರು,” ಅಂದಳು ಒಬ್ಬಳು. ಎಲ್ಲರೂ ನಕ್ಕರು. ಛೀಮಾವನೂ ಅಪರೂಪಕ್ಕೆ ಸ್ವಲ್ಪ ನಕ್ಕ.

ಖಾಲಿ ಟ್ಯೂಬುಗಳನ್ನು ಯಂತ್ರದ ಬಟ್ಟಲಿಗೆ ಇಡುತ್ತಿದ್ದ ಹೆಂಗಸು ಎದ್ದು ಅವನಿಗೆ ಜಾಗ ಬಿಟ್ಟುಕೊಟ್ಟಳು. “ಅಣ್ಣಾ, ಜಿನುಗೋದು ಈಗ. ಶುರುವಲ್ಲಿ ಜೆಲ್‌ನಲ್ಲಿ ಬೂದು ಬಣ್ಣದ ಒಂದು ಎಳೆ ಬರ್ತಿತ್ತು, ಕೂದಲಿನ ಹಾಗೆ. ಆ ಟ್ಯೂಬುಗಳನ್ನೆಲ್ಲ ತೆಗೆದು ಪಕ್ಕಕ್ಕಿಟ್ವಿ. ಆಮೇಲೆ ತಾನಾಗೇ ನಿಂತುಹೋಯ್ತು,” ಅಂದಳು.

ಪಿಸ್ಟನ್ನಿನ ಗಡ್ಡೆಯ ಒಳಗಿನ ರಬ್ಬರ್ ಸೀಲ್ ಸವೆದಿರಬೇಕು. ಬಿಚ್ಚದೆ ಬೇರೆ ದಾರಿಯಿರಲಿಲ್ಲ. ಛೀಮಾವ ಮೇಡಂ ಕಡೆ ನೋಡಿದ, ಅವಳು ಆಗಲಿ ಎಂದು ತಲೆಯಾಡಿಸಿದಳು. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಅವನು ಕೆಂಪು ಗೆರೆಯ ಮೇಲೆ ಸ್ಪ್ಯಾನರ್ ಇಟ್ಟು ತಿರುಗಿಸಿದ. ಗೆರೆ ಪುಡಿಯಾಗಿ ಉದುರಿತು.

ಪಿಸ್ಟನ್ ಎಳೆದ ಕೂಡಲೇ ವಾಸನೆ ಮುಖಕ್ಕೆ ಹೊಡೆಯಿತು. ಕೊಳೆತ ಬೆಳ್ಳುಳ್ಳಿ. ಸವೆದ ಸೀಲಿನ ಹಿಂದೆ, ನೀರು ಎಂದೂ ಮುಟ್ಟದ ಜಾಗದಲ್ಲಿ, ಬೂದುಗಪ್ಪು ಅಂಟು ಎರಡು ಬೆರಳು ದಪ್ಪ ಮೆತ್ತಿಕೊಂಡಿತ್ತು. ಅದರಲ್ಲಿ ಬೆಲ್ಲದಂಥ ಜಿಗುಟು, ಕರಿ ಪುಡಿ. ಶೆಡ್ಡಿನಲ್ಲಿ ಇಲಿಗಳ ಕಾಟ ಹೆಚ್ಚಾದಾಗ ಭಾವ ತಂದಿಡುತ್ತಿದ್ದ ಟ್ಯೂಬಿನ ನೆನಪಾಯಿತು. ಅದೇ ಬಣ್ಣ, ಅದೇ ಅಂಟು, ಮುಚ್ಚಳ ತೆಗೆದರೆ ಅದೇ ವಾಸನೆ. ಇಲಿ ಪಾಷಾಣ. ಸೀಲ್ ಸವೆದ ಸಂದಿನಿಂದ ಜೆಲ್ ಹಿಂದಕ್ಕೆ ಹೋಗಿ, ಇದನ್ನು ನೆಕ್ಕಿಕೊಂಡು, ಮತ್ತೆ ಮುಂದಕ್ಕೆ ಬರುತ್ತಿತ್ತು.

ಅವನು ಕೈ ತೊಳೆಯುವ ಸಿಂಕಿಗೆ ಓಡಿ ವಾಂತಿ ಮಾಡಿದ. ಮೂರು ವಾರದ ಹಿಂದೆ ಕುಡಿದದ್ದು ಈಗ ಹೊರಗೆ ಬರುವುದಿಲ್ಲ ಅಂತ ಅವನಿಗೂ ಗೊತ್ತಿತ್ತು. ಲೋಟದ ಅಂಚಿನಲ್ಲಿ ಮೂಗು ಹೇಳಿದ್ದೂ, ತಾನು ಕೇಳದೆ ಅಕ್ಕನ ಪಲ್ಯದ ಮೇಲೆ ಗೂಬೆ ಕೂರಿಸಿದ್ದೂ ನೆನಪಾಗಿ ಮತ್ತೆ ಮಾಡಿದ. ಜೀವಮಾನವೆಲ್ಲ ಊರವರ ಲೋಟ ನೋಡಿ ಛೀ ಅಂದವನಿಗೆ ತನ್ನ ನಾಲಿಗೆಯೇ ಹೇಸಿಗೆಯಾಗಿ ಕಂಡಿತು.

ಹೊರಗೆ ಬಂದು ಭಾವನಿಗೆ ಫೋನ್ ಮಾಡಿದ.

“ಭಾವ, ಈ ಯಂತ್ರದಲ್ಲಿ ಮೊದಲು ಏನು ತುಂಬ್ತಿದ್ರು?”

“ಹೇಳಿದ್ದೆನಲ್ಲ, ಕೈ ಕ್ರೀಮು.”

“ಅದಕ್ಕೂ ಮೊದಲು?”

ಆ ಕಡೆ ಟಿವಿಯ ಸದ್ದು ಕಡಿಮೆಯಾದದ್ದು ಕೇಳಿಸಿತು.

“ಏಳೆಂಟು ತಿಂಗಳು ಇಲಿದು ಓಡಿಸಿದ್ರಂತೆ. ಆಮೇಲೆ ಎರಡು ವರ್ಷ ಕ್ರೀಮೇ ಅಲ್ವಾ, ಎಲ್ಲ ಕೊಚ್ಚಿಕೊಂಡು ಹೋಗಿರುತ್ತೆ.”

“ಹೋಗಿಲ್ಲ. ನನ್ನ ಮುಂದೆ ಇದೆ. ನಿಮಗೆ ಗೊತ್ತಿದ್ದೂ ನನ್ನ ಕೈಗೆ ಲೋಟ ಕೊಟ್ರಾ?”

“ನೋಡಯ್ಯಾ, ಕುಡಿದವನು ನೀನು. ಮೂರು ವಾರ ಆಯ್ತು, ಗುಂಡುಕಲ್ಲಿನ ಹಾಗೆ ಇದ್ದೀಯ. ನಿನಗೇ ಏನೂ ಆಗಲಿಲ್ಲ ಅಂದ್ಮೇಲೆ ಇನ್ಯಾರಿಗೆ ಆಗುತ್ತೆ? ಒರೆಸು, ಹೊಸ ಸೀಲ್ ಹಾಕು. ಚೀಲದಲ್ಲಿ ಕೆಂಪು ಪೇಂಟು ಹಾಕಿಸಿಟ್ಟಿದ್ದೀನಿ, ಗೆರೆ ಎಳೆದು ಬಾ. ಅಕ್ಕನ ಮನೆ ಅನ್ನೋದು ನೆನಪಿರಲಿ.”

ಛೀಮಾವ ಫೋನ್ ಇಟ್ಟ. ಭಾವನ ಮೇಲೆ ಎಷ್ಟು ಅಸಹ್ಯ ಬಂತೆಂದರೆ ಫೋನನ್ನು ಕಿಸೆಗೆ ಹಾಕಿಕೊಳ್ಳಲೂ ಮನಸ್ಸಾಗದೆ ಕಿಟಕಿಯ ಕಟ್ಟೆಯ ಮೇಲೆ ಇಟ್ಟುಬಿಟ್ಟ. ಆದರೆ ಭಾವನ ಮಾತು ತಲೆಯಲ್ಲೇ ಕೂತಿತು. ಕುಡಿದವನು ನೀನು. ಅದರಲ್ಲಿ ಸುಳ್ಳೇನೂ ಇರಲಿಲ್ಲ.

ಒಳಗೆ ಬಂದು ಮೇಡಂಗೆ ಎಲ್ಲವನ್ನೂ ಹೇಳಿದ. ಅವಳು ಪಿಸ್ಟನ್ ನೋಡಿದಳು, ಮೂಗು ಮುಚ್ಚಿಕೊಂಡಳು, ಪೆಟ್ಟಿಗೆಗಳ ಕಡೆ ನೋಡಿದಳು. ಆಮೇಲೆ ಅವನು ಹೆದರಿದ್ದ ಮಾತನ್ನೇ ಆಡಿದಳು.

“ಆದ್ರೆ ನೀವು ಕುಡಿದಿರಲ್ಲ ಮೇಸ್ತ್ರಿಗಳೇ. ಚೆನ್ನಾಗೇ ಇದ್ದೀರಲ್ಲ. ಅಷ್ಟು ವಿಷ ಇದ್ದಿದ್ರೆ ನಿಮಗೆ ಏನಾದ್ರೂ ಆಗಬೇಕಿತ್ತು ಅಲ್ವಾ? ಬೂದು ಎಳೆ ಬಂದ ಟ್ಯೂಬನ್ನಂತೂ ತೆಗೆದಿಟ್ಟಿದ್ದೀವಿ. ಪೆಟ್ಟಿಗೇಲಿ ಇರೋದೆಲ್ಲ ಬೆಳ್ಳಗೇ ಇದೆ.” ಅವಳ ದನಿ ಕೇಳಿದರೆ ಗೊತ್ತಾಗುತ್ತಿತ್ತು, ಅವಳು ಅವನನ್ನು ಕೇಳುತ್ತಿರಲಿಲ್ಲ, ಬೇಡಿಕೊಳ್ಳುತ್ತಿದ್ದಳು. ಒಂದು ಹೂಂ ಅನ್ನಿ, ಲೋಡು ಹೋಗಲಿ.

ಅಷ್ಟರಲ್ಲಿ ಟ್ಯೂಬ್ ಇಡುವ ಹೆಂಗಸು ಹತ್ತಿರ ಬಂದಳು. ಟೋಪಿ ತೆಗೆದು ಕೈಯಲ್ಲಿ ಹಿಂಡುತ್ತಿದ್ದಳು.

“ಅಣ್ಣಾ, ಪಕ್ಕಕ್ಕಿಟ್ಟ ಟ್ಯೂಬಲ್ಲಿ ಒಂದನ್ನ ನಾನು ಮನೆಗೆ ತಗೊಂಡು ಹೋಗಿದ್ದೆ. ಎಸೆಯೋದಲ್ವಾ, ವ್ಯರ್ಥ ಯಾಕೆ ಅಂತ. ನನ್ನ ಮಗೂಗೆ ಹತ್ತು ತಿಂಗಳು, ಹಲ್ಲು ಬರ್ತಿದೆ. ನಾಲ್ಕು ದಿನದಿಂದ ಹಚ್ತಿದ್ದೀನಿ. ಎರಡು ದಿನದಿಂದ ವಾಂತಿ, ಭೇದಿ. ಹಲ್ಲು ಬರೋವಾಗ ಹಾಗೇ ಅಂತ ಅತ್ತೆ ಅಂದ್ರು.” ಅವಳು ಗೋಡೆಯ ಮೇಲಿನ ಫೋಟೋ ನೋಡಿದಳು. “ಏನೂ ಆಗಲ್ಲ ಅಲ್ವಾ? ನೀವೇ ಕುಡಿದಿದ್ದೀರಲ್ಲ.”

ಒಂಬತ್ತು ಜನ ಹೆಂಗಸರೂ ಮೇಡಮ್ಮೂ ಅವನ ಬಾಯಿಯನ್ನೇ ನೋಡುತ್ತಿದ್ದರು. ಶೆಡ್ಡಿನ ಎಷ್ಟೋ ಮಧ್ಯಾಹ್ನಗಳಲ್ಲಿ ಗಿರಾಕಿಗಳು ನೋಡುತ್ತಿದ್ದ ಹಾಗೇ.

“ನಾನು ಕುಡಿದದ್ದು ಇದನ್ನಲ್ಲಮ್ಮ,” ಅಂದ ಛೀಮಾವ. “ನಾನು ಕುಡಿದದ್ದು ಇದರ ಮುಂದೆ ಹಾದುಹೋದ ನೀರು. ಹಿಂದೆ ಏನಿದೆ ಅಂತ ನಾನು ನೋಡೇ ಇರಲಿಲ್ಲ. ಅವತ್ತು ವಾಸನೆ ಬಂದಿತ್ತು. ಬಂದರೂ ಕುಡಿದೆ, ಫೋಟೋ ತೆಗೀತಿದ್ರು ಅಂತ. ನಾನು ಕುಡಿದದ್ದಕ್ಕೆ ಬೆಲೆ ಇಲ್ಲ. ಮಗೂನ ಎತ್ತಿಕೊಂಡು ಈಗಲೇ ಆಸ್ಪತ್ರೆಗೆ ನಡಿ.”

ಅವಳು ಚಪ್ಪಲಿಯನ್ನೂ ಮೆಟ್ಟದೆ ಓಡಿದಳು. ಛೀಮಾವ ಬರಿಗೈಯಲ್ಲೇ, ಗವಸೂ ಇಲ್ಲದೆ, ಆ ಅಂಟನ್ನು ಕೆರೆದು ಒಂದು ಮುಚ್ಚಳಕ್ಕೆ ಹಾಕಿಕೊಂಡ. ವೈದ್ಯರು ಏನೆಂದು ಕೇಳಿದರೆ ತೋರಿಸಲು ಬೇಕಲ್ಲ. ಅವನು ಬಾಗಿಲು ದಾಟುವಾಗ ಹಿಂದೆ ಮೇಡಂ ಮೇನ್ ಸ್ವಿಚ್ ಕೆಳಗೆಳೆದ ಸದ್ದು ಕೇಳಿತು. ಪೆಟ್ಟಿಗೆಗಳು ಅವತ್ತು ಹೊರಡಲಿಲ್ಲ, ಮುಂದೆಯೂ ಹೊರಡಲಿಲ್ಲ.

ಮಗು ಉಳಿಯಿತು. ಅದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಇನ್ನೂ ಎರಡು ದಿನ ಹಚ್ಚಿದ್ದರೆ ಹೀಗೆ ಹೇಳುವ ಭಾಗ್ಯ ಇರುತ್ತಿರಲಿಲ್ಲ ಅಂದರು ವೈದ್ಯೆ. ಮುಚ್ಚಳದಲ್ಲಿದ್ದದ್ದನ್ನು ದೂರದಿಂದಲೇ ಮೂಸಿ, ಹಾಳೆಯಲ್ಲಿ ಬರೆಯುತ್ತ ಕೇಳಿದರು, “ಈ ಯಂತ್ರ ಶುದ್ಧವಾಗಿದೆ ಅಂತ ಬರೆದುಕೊಟ್ಟವರು ಯಾರು?”

“ಬರೆದುಕೊಡಲಿಲ್ಲ. ಕುಡಿದು ತೋರಿಸಿದೆ,” ಅಂದ ಛೀಮಾವ.

ವೈದ್ಯೆಯ ಪೆನ್ನು ನಿಂತಿತು. ಅದನ್ನು ಯಾವ ಕಾಲಂನಲ್ಲಿ ಬರೆಯಬೇಕೆಂದು ಅವರಿಗೆ ತಿಳಿಯಲಿಲ್ಲ. “ಎಪ್ಪತ್ತು ಕೆಜಿ ಮೈ ನಿಮ್ಮದು, ಈ ಕೂಸಿನದು ಏಳು ಕೆಜಿ,” ಅಂದರು, ಅಷ್ಟೆ.

ಮಾರನೆಯ ದಿನ ಅವನು ಹಿಂದೆ ಯಂತ್ರ ಕೊಂಡಿದ್ದ ಕಾರ್ಖಾನೆಗಳಿಗೆ ನಂಬರು ಹುಡುಕಿ ಹುಡುಕಿ ಫೋನ್ ಮಾಡತೊಡಗಿದ. ನೆನಪಿದ್ದ ಟ್ಯೂಬ್ ಯಂತ್ರಗಳು ಮೂವತ್ತೊಂದು. “ಕೆಂಪು ಗೆರೆ ಮುರೀರಿ, ಪಿಸ್ಟನ್ ಹಿಂದೆ ನೋಡಿ,” ಅನ್ನುತ್ತಿದ್ದ. ನಾಲ್ಕು ಜನ ನೋಡುತ್ತೇವೆ ಅಂದರು. ಉಳಿದವರು, “ನೀವೇ ಕುಡಿದಿದ್ದಿರಲ್ಲ ಸ್ವಾಮಿ,” ಅಂತ ನಕ್ಕು ಇಟ್ಟರು. ಒಬ್ಬನಂತೂ, “ಹಳೇದು ಬಿಡಿ, ಇನ್ನೊಂದು ಯಂತ್ರ ಬೇಕಿತ್ತು, ನೀವೇ ಕುಡಿದು ಕಳಿಸ್ತೀರಲ್ಲ?” ಅಂದ. ಭಾವನ ಮನೆಯ ಬಾಗಿಲು ಅವನ ಪಾಲಿಗೆ ಮುಚ್ಚಿತು. ಅಕ್ಕ ಒಂದು ಸಲ ಫೋನ್ ಮಾಡಿ ಅತ್ತಳು.

ಮೂರನೇ ದಿನ ಅವನು ಮಗುವನ್ನು ನೋಡಲು ಹೋದ. ಹೋಗುವ ಮುಂಚೆ ಮೊಳಕೈವರೆಗೆ ಸೋಪು ಹಾಕಿ ಕೈ ತೊಳೆದಿದ್ದ, ಉಗುರು ಕತ್ತರಿಸಿದ್ದ, ಇಸ್ತ್ರಿ ಮಾಡಿದ ಅಂಗಿ ಹಾಕಿದ್ದ. ಮಗು ಮಂಚದ ಮೇಲೆ ಎದ್ದು ಕೂತಿತ್ತು. ಕಣ್ಣಲ್ಲಿ ಜೀವ ಬಂದಿತ್ತು, ಕೆಳವಸಡಿನಲ್ಲಿ ಅಕ್ಕಿಕಾಳಿನಷ್ಟು ಬಿಳುಪು ಕಾಣುತ್ತಿತ್ತು. ತಾಯಿ ಪಕ್ಕದಲ್ಲಿ ಕೂತಿದ್ದಳು. ಅವನು ಬಂದದ್ದು ನೋಡಿದಳು.

ಛೀಮಾವ ಮಂಚದ ಹತ್ತಿರ ಬಗ್ಗಿದ. ಬೇರೆಯವರ ಮಕ್ಕಳನ್ನು ಅವನು ಎಂದೂ ಮುಟ್ಟಿದವನಲ್ಲ. ಮಗುವಿನ ಜೊಲ್ಲು ಗಲ್ಲದಿಂದ ಎದೆಗೆ ಇಳಿಯುತ್ತಿತ್ತು, ಅವನಿಗೆ ಅದು ಹೇಸಿಗೆ ಅನ್ನಿಸಲಿಲ್ಲ. ಅವನು ಚಾಚಿದ ಬೆರಳನ್ನು ಮಗು ಗಬಕ್ಕನೆ ಹಿಡಿದುಕೊಂಡಿತು, ಅಲ್ಲಾಡಿಸಿತು, ಬಾಯಿಯ ಕಡೆಗೆ ಎಳೆಯತೊಡಗಿತು.

ತಾಯಿ ಎದ್ದಳು. ಮಗುವಿನ ಮುಷ್ಟಿಯಿಂದ ಅವನ ಬೆರಳನ್ನು ಬಿಡಿಸಿದಳು. ಆಮೇಲೆ ಬಕೆಟ್ಟಿನಲ್ಲಿ ಬಟ್ಟೆ ಅದ್ದಿ ಹಿಂಡಿ, ಅವನ ಮುಂದೆಯೇ, ಮಗುವಿನ ಐದೂ ಬೆರಳುಗಳನ್ನು ಒಂದೊಂದಾಗಿ, ಸಂದುಗಳನ್ನೂ ಬಿಡದೆ, ಒರೆಸಿದಳು.